ಲ್ಯಾಪ್‌ಟಾಪಿನ ಕೀರಲು ದನಿ: ದೋಷವೋ, ಸ್ವಭಾವವೋ?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಪಟ್ಟಾದಾರ್ ಪಾಸ್‌ಪುಸ್ತಕ, ವಾರಸುದಾರಿಕೆ, ಜಾಮೀನು, ಮರಳಿ ಬಂದ ಚೆಕ್ಕು ಇವುಗಳನ್ನು ಕುರಿತವು. ಜಹೀರಾಬಾದಿನಿಂದ ಬಂದರೂ ಅದೇ, ತಾಂಡೂರಿನಿಂದ ಬಂದರೂ ಅದೇ. ಈ ವಾರದ ಪ್ರಶ್ನೆ ಮಾತ್ರ ಬೇರೆ ಬಗೆಯದು. ನಾರಾಯಣಖೇಡದ ಕಡೆಯ ಪದವಿ ವಿದ್ಯಾರ್ಥಿನಿಯೊಬ್ಬರು ಬರೆದಿದ್ದಾರೆ. ಹತ್ತಿ ಮಾರಿ ಬಂದ ಹಣದಲ್ಲಿ ಅವರ ತಂದೆ ಹೈದರಾಬಾದಿನ ಅಂಗಡಿಯೊಂದರಿಂದ ಹೊಸ ಲ್ಯಾಪ್‌ಟಾಪ್ ತಂದುಕೊಟ್ಟರು. ಹಗಲಿನಲ್ಲಿ ಯಾವ ತೊಂದರೆಯೂ ಇಲ್ಲ. ರಾತ್ರಿ ಊರು ಮಲಗಿದ ಮೇಲೆ ಓದಲು ಕುಳಿತರೆ ಕೀಲಿಮಣೆಯ ಕೆಳಗಿನಿಂದ ಜೀರುಂಡೆಯ ದನಿಗಿಂತಲೂ ಸಣ್ಣದಾದ, ಸೂಜಿಯ ಮೊನೆಯಂತಹ ಕೀರಲು ಸದ್ದು ಹೊರಡುತ್ತದೆ. ಪರದೆಯ ಮೇಲಿನ ಪುಟವನ್ನು ಬೆರಳಿನಿಂದ ಸರಿಸುತ್ತಿರುವಷ್ಟು ಹೊತ್ತು ಅದು ಅಡಗಿರುತ್ತದೆ. ಬೆರಳು ತೆಗೆದು ಓದತೊಡಗಿದೊಡನೆ ಮತ್ತೆ ಆರಂಭವಾಗುತ್ತದೆ. ಅರ್ಧ ಗಂಟೆಯೊಳಗೆ ತಲೆ ಸಿಡಿಯುತ್ತದೆ. ಅಂಗಡಿಗೆ ಒಯ್ದು ತೋರಿಸಿದಾಗ ದೊರೆತ ಉತ್ತರ: "ಸದ್ದೇ ಇಲ್ಲವಲ್ಲಮ್ಮಾ, ಇದ್ದರೂ ಅದು ಮಾಮೂಲು."

ನ್ಯಾಯಾಲಯದ ಮೆಟ್ಟಿಲು ಹತ್ತಿದವರಿಗೆ ಈ ಉತ್ತರದ ಧಾಟಿ ಹೊಸದಲ್ಲ. "ನಾನು ಸಾಲ ಪಡೆದೇ ಇಲ್ಲ, ಪಡೆದಿದ್ದರೂ ಅದನ್ನು ತೀರಿಸಿದ್ದೇನೆ" ಎಂಬ ಕೈಫಿಯತ್ತನ್ನು ನಾವು ಆಗಾಗ ಓದುತ್ತಲೇ ಇರುತ್ತೇವೆ. ಹಾಗೆ ವಾದಿಸಲು ಅವಕಾಶವಿದೆ. ಆದರೆ ಆ ಎರಡು ಮಾತುಗಳನ್ನೂ ಬೇರೆ ಬೇರೆಯಾಗಿ ಒರೆಗೆ ಹಚ್ಚಬೇಕಾಗುತ್ತದೆ. ಸದ್ದು ಇದೆಯೇ ಎಂಬುದು ಮೊದಲನೆಯ ಪ್ರಶ್ನೆ. ಇದ್ದರೆ ಅದು ಕಾನೂನಿನ ದೃಷ್ಟಿಯಲ್ಲಿ ದೋಷವೇ ಎಂಬುದು ಎರಡನೆಯದು. ಇವೆರಡಕ್ಕೂ ಉತ್ತರ ಹೇಳುವ ಮುನ್ನ ಆ ಸದ್ದು ಹುಟ್ಟುವುದು ಎಲ್ಲಿ, ಏಕೆ ಎಂಬುದನ್ನು ತಿಳಿಯುವುದು ಅಗತ್ಯ. ಕಾರಣ ತಿಳಿಯದೆ ಬರೆದ ದೂರು ಮೊದಲ ಸುತ್ತಿನಲ್ಲಿಯೇ ಬಿದ್ದುಹೋಗುತ್ತದೆ.

ಲ್ಯಾಪ್‌ಟಾಪಿನ ಮಿದುಳಾದ ಪ್ರೊಸೆಸರ್ ಎಡೆಬಿಡದೆ ದುಡಿಯುತ್ತದೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಅದು ತನ್ನ ಸಮಯದ ಬಹುಪಾಲನ್ನು ನಿದ್ರೆಯಲ್ಲಿ ಕಳೆಯುತ್ತದೆ. ನಾವು ಒಂದು ಅಕ್ಷರ ಒತ್ತಿ ಇನ್ನೊಂದನ್ನು ಒತ್ತುವಷ್ಟರಲ್ಲಿ ಅದು ಹಲವು ಸಲ ಮಲಗಿ ಎದ್ದಿರುತ್ತದೆ. ಬ್ಯಾಟರಿ ಬಾಳಿಕೆ ಬರಲೆಂದೇ ಮಾಡಿದ ಏರ್ಪಾಡು ಇದು. ಇಂಟೆಲ್, ಮೈಕ್ರೋಸಾಫ್ಟ್, ತೋಶಿಬಾ ಕಂಪನಿಗಳು ಕೂಡಿ 1996ರ ಡಿಸೆಂಬರಿನಲ್ಲಿ ಹೊರತಂದ 'ಎಸಿಪಿಐ' ಎಂಬ ಮಾನಕದಲ್ಲಿ ಈ ನಿದ್ರೆಗೆ ಮೆಟ್ಟಿಲುಗಳನ್ನು ಗೊತ್ತುಪಡಿಸಲಾಯಿತು. ಸಿ-0 ಎಂದರೆ ಪೂರ್ಣ ಎಚ್ಚರ, ಸಿ-1 ಎಂದರೆ ಕಣ್ಣು ಮುಚ್ಚಿದ ಸ್ಥಿತಿ, ಸಿ-3 ಎಂದರೆ ಗಾಢ ನಿದ್ರೆ. ಈಚಿನ ಯಂತ್ರಗಳಲ್ಲಿ ಸಿ-10ರ ವರೆಗೂ ಮೆಟ್ಟಿಲುಗಳಿವೆ. ನಿದ್ರೆ ಆಳವಾದಷ್ಟೂ ವಿದ್ಯುತ್ತಿನ ಉಳಿತಾಯ ಹೆಚ್ಚು.

ಇನ್ನು ಆ ವಿದ್ಯುತ್ತಿನ ಹಾದಿಯನ್ನು ನೋಡೋಣ. ಚಾರ್ಜರಿನಿಂದ ಬರುವುದು ಸಾಮಾನ್ಯವಾಗಿ 19 ಅಥವಾ 20 ವೋಲ್ಟ್. ಪ್ರೊಸೆಸರಿಗೆ ಬೇಕಾದುದು ಸುಮಾರು 1 ವೋಲ್ಟ್ ಮಾತ್ರ. ಆದರೆ ಪೂರ್ಣ ಎಚ್ಚರದಲ್ಲಿರುವಾಗ ಅದು ಹತ್ತಾರು ಆಂಪಿಯರ್ ಹೀರಬಲ್ಲದು. ಇಪ್ಪತ್ತನ್ನು ಒಂದಕ್ಕೆ ಇಳಿಸುವ ಕೆಲಸವನ್ನು ಪ್ರೊಸೆಸರಿನ ಬದಿಯಲ್ಲಿರುವ ಪುಟ್ಟ ಸ್ವಿಚ್ಚುಗಳು, ಸುರುಳಿಗಳು, ಕೆಪಾಸಿಟರುಗಳು ಸೇರಿ ಮಾಡುತ್ತವೆ. ಆ ಸ್ವಿಚ್ಚುಗಳು ಸೆಕೆಂಡಿಗೆ ಲಕ್ಷಾಂತರ ಬಾರಿ ತೆರೆದು ಮುಚ್ಚುತ್ತವೆ. ಮನುಷ್ಯನ ಕಿವಿಗೆ ನಿಲುಕುವುದು ಸೆಕೆಂಡಿಗೆ 20ರಿಂದ 20,000 ಕಂಪನಗಳು ಮಾತ್ರವಾದುದರಿಂದ ಆ ವೇಗ ನಮಗೆ ಕೇಳಿಸುವುದಿಲ್ಲ. ತೊಡಕು ಇರುವುದು ಬೇರೆಡೆ. ಪ್ರೊಸೆಸರ್ ಮಲಗಿದಾಗ ವಿದ್ಯುತ್ತಿನ ಸೆಳೆತ ತಟ್ಟನೆ ಕುಸಿಯುತ್ತದೆ. ಎದ್ದಾಗ ತಟ್ಟನೆ ಏರುತ್ತದೆ. ಬೋರ್‌ವೆಲ್ಲಿನ ಮೋಟರು ಒಮ್ಮೆಲೆ ನಿಂತಾಗ ಪೈಪು 'ಧಡ್' ಎಂದು ಅದುರುವುದನ್ನು ನಮ್ಮ ರೈತರು ಬಲ್ಲರು. ಆ ಅದುರು ಸೆಕೆಂಡಿಗೆ ಒಂದು ಸಾವಿರ ಸಲ ಆದರೆ 'ಧಡ್' ಎಂಬುದು ಉಳಿಯುವುದಿಲ್ಲ. ಅದು ಒಂದು ಸ್ವರವಾಗುತ್ತದೆ.

ಅದುರುವುದು ಯಾವುದು? ಮೊದಲನೆಯದು ಸುರುಳಿ. ಕಾಂತಶಕ್ತಿಗೆ ಒಳಗಾದ ಕಬ್ಬಿಣ ಅತ್ಯಲ್ಪ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುತ್ತದೆಂಬುದನ್ನು ಇಂಗ್ಲೆಂಡಿನ ಜೇಮ್ಸ್ ಜೌಲ್ 1842ರಲ್ಲಿ ಕಂಡುಕೊಂಡರು. ಊರ ಹೊರಗಿನ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುವುದು ಮುಖ್ಯವಾಗಿ ಈ ಕಾರಣದಿಂದಲೇ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದ್ದು. ಪ್ರತಿ ಆವರ್ತದಲ್ಲಿ ಕಬ್ಬಿಣ ಎರಡು ಸಲ ಹಿಗ್ಗುವುದರಿಂದ ಆ ಗುಂಯ್‌ಕಾರದ ಮೂಲ ಸ್ವರ 100 ಕಂಪನಗಳದ್ದು. ಹಳೆಯ ಟ್ಯೂಬ್‌ಲೈಟಿನ ಚೋಕು ಹಾಡುತ್ತಿದ್ದುದೂ ಇದನ್ನೇ. ಎರಡನೆಯದು ಕೆಪಾಸಿಟರ್. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆಂಬುದನ್ನು ಪಿಯರ್ ಕ್ಯೂರಿ ಮತ್ತು ಅವರ ಅಣ್ಣ ಜಾಕ್ 1880ರಲ್ಲಿ ತೋರಿಸಿದರು. ಇದಕ್ಕೆ ವಿಲೋಮವೂ ಉಂಟು: ವಿದ್ಯುತ್ತು ಕೊಟ್ಟರೆ ಹರಳು ಹಿಗ್ಗಿ ಕುಗ್ಗುತ್ತದೆ. ಲ್ಯಾಪ್‌ಟಾಪಿನ ಅನೇಕ ಕೆಪಾಸಿಟರುಗಳು ಬೇರಿಯಮ್ ಟೈಟನೇಟ್ ಎಂಬ ಇಂತಹುದೇ ಪಿಂಗಾಣಿ ವಸ್ತುವಿನವು. ಅಕ್ಕಿಕಾಳಿಗಿಂತ ಚಿಕ್ಕದಾದ ಈ ಕೆಪಾಸಿಟರ್ ತಾನೊಂದೇ ಸದ್ದು ಮಾಡಲಾರದು. ಆದರೆ ಅದನ್ನು ಬೆಸುಗೆ ಹಾಕಿದ ಹಲಗೆ ಅದರೊಡನೆ ಬಾಗಿ ಏಳುತ್ತದೆ. ತಂತಿಯ ಮಿಡಿತವನ್ನು ತಂಬೂರಿಯ ಬುರುಡೆ ಹೇಗೆ ದೊಡ್ಡದು ಮಾಡುವುದೋ ಹಾಗೆ ಈ ಹಲಗೆ ಕೆಪಾಸಿಟರಿನ ನಡುಕವನ್ನು ದೊಡ್ಡದು ಮಾಡಿ ಕಿವಿಗೆ ಮುಟ್ಟಿಸುತ್ತದೆ.

ಈ ಉಪದ್ರವಕ್ಕೆ ಒಂದು ಚರಿತ್ರೆಯೂ ಇದೆ. ಬ್ಯಾಟರಿಯ ಬಾಳಿಕೆಯನ್ನೇ ಮುಂದುಮಾಡಿ 2003ರಲ್ಲಿ ಇಂಟೆಲಿನ 'ಸೆಂಟ್ರಿನೊ' ಲ್ಯಾಪ್‌ಟಾಪುಗಳು ಬಂದವು. ಅದೇ ವರ್ಷದ ಕೊನೆಯಲ್ಲಿ ಲಿನಕ್ಸ್ ಎಂಬ ಮುಕ್ತ ತಂತ್ರಾಂಶದ 2.6ನೆಯ ಆವೃತ್ತಿ ಹೊರಬಂತು. ಹಿಂದಿನ ಆವೃತ್ತಿ ಪ್ರೊಸೆಸರನ್ನು ಸೆಕೆಂಡಿಗೆ 100 ಸಲ ಎಬ್ಬಿಸಿ ವಿಚಾರಿಸುತ್ತಿತ್ತು. ಹೊಸದು 1,000 ಸಲ ಎಬ್ಬಿಸತೊಡಗಿತು. ಗಾಢ ನಿದ್ರೆ, ಮರುಕ್ಷಣ ಎಚ್ಚರ, ಮತ್ತೆ ನಿದ್ರೆ. ಇದು ಸೆಕೆಂಡಿಗೆ ಸಾವಿರ ಸಲ. ಯಂತ್ರಗಳು ಹಾಡತೊಡಗಿದವು. ಬಳಕೆದಾರರು ಒಂದು ವಿಚಿತ್ರವನ್ನು ಗಮನಿಸಿದರು: ಯು.ಎಸ್.ಬಿ. ಮೌಸ್ ಸಿಕ್ಕಿಸಿದರೆ ಸದ್ದು ನಿಲ್ಲುತ್ತಿತ್ತು. ಅಂದಿನ ಯು.ಎಸ್.ಬಿ. ವ್ಯವಸ್ಥೆ ಸೆಕೆಂಡಿನ ಸಾವಿರದ ಒಂದು ಭಾಗಕ್ಕೊಮ್ಮೆ ಯಂತ್ರದ ಸ್ಮೃತಿಯನ್ನು ತಡಕುತ್ತಿತ್ತು. ಆ ಗದ್ದಲದಲ್ಲಿ ಪ್ರೊಸೆಸರಿಗೆ ಸಿ-3ರ ನಿದ್ರೆ ಹತ್ತುತ್ತಿರಲಿಲ್ಲ. ನಿದ್ರೆಯಿಲ್ಲದ ಕಡೆ ಗೊರಕೆಯೂ ಇಲ್ಲ. 2005ರಲ್ಲಿ ಆ ಸಾವಿರವನ್ನು 250ಕ್ಕೆ ಇಳಿಸಲಾಯಿತು. 2007ರಲ್ಲಿ, ಕೆಲಸವಿಲ್ಲದಾಗ ಎಬ್ಬಿಸುವುದನ್ನೇ ಬಿಡುವ ವ್ಯವಸ್ಥೆ ಬಂತು. ವಿಂಡೋಸ್ ಸಾಮಾನ್ಯವಾಗಿ ಎಬ್ಬಿಸುವುದು ಸೆಕೆಂಡಿಗೆ 64 ಸಲ. ಆದರೆ ಅದರಲ್ಲಿ ಓಡುವ ಕೆಲವು ತಂತ್ರಾಂಶಗಳು, ವಿಶೇಷವಾಗಿ ವೀಡಿಯೊ ತೋರಿಸುವಂತಹವು, ಸಾವಿರ ಸಲ ಎಬ್ಬಿಸೆಂದು ಕೇಳಿಕೊಳ್ಳಬಲ್ಲವು. ಒಂದು ತಂತ್ರಾಂಶ ತೆರೆದಾಗ ಸದ್ದು ಬಂದು ಇನ್ನೊಂದನ್ನು ತೆರೆದಾಗ ಬಾರದಿರುವುದಕ್ಕೆ ಇದೂ ಒಂದು ಕಾರಣ.

ನಮ್ಮ ವಿದ್ಯಾರ್ಥಿನಿಯ ಅನುಭವಕ್ಕೆ ಈಗ ಅರ್ಥ ದೊರೆಯುತ್ತದೆ. ಪುಟ ಸರಿಸುವಾಗ ಪ್ರೊಸೆಸರ್ ಎಚ್ಚರವಾಗಿರುತ್ತದೆ; ಸದ್ದಿಲ್ಲ. ಓದಲು ತೊಡಗಿದೊಡನೆ ಅದು ತೂಕಡಿಸತೊಡಗುತ್ತದೆ, ಸದ್ದು. ಯಂತ್ರ ಬಿಡುವಾಗಿದ್ದಾಗ ಹುಟ್ಟುವ ಸದ್ದು ಇದು. ಆದುದರಿಂದಲೇ ಅಂಗಡಿಯವರು ಯಂತ್ರ ತೆರೆದು, ಪರೀಕ್ಷೆಯ ತಂತ್ರಾಂಶ ಓಡಿಸಿ, "ಎಲ್ಲವೂ ಸರಿಯಾಗಿದೆ" ಎಂದರೆ ಅದರಲ್ಲಿ ಸುಳ್ಳೇನೂ ಇಲ್ಲ. ಪರೀಕ್ಷೆ ನಡೆಯುವಷ್ಟು ಹೊತ್ತು ಅದು ಮಲಗುವುದೇ ಇಲ್ಲ.

ಇನ್ನು ಮೊದಲ ಪ್ರಶ್ನೆಗೆ ಬರೋಣ: ಸದ್ದು ಇದೆಯೇ? ಆ ವಿದ್ಯಾರ್ಥಿನಿ ತಂದೆಯೊಡನೆ ನಮ್ಮ ಕಚೇರಿಗೂ ಬಂದಿದ್ದರು. ಬಾಗಿಲು ಹಾಕಿ, ಫ್ಯಾನು ನಿಲ್ಲಿಸಿ, ಯಂತ್ರವನ್ನು ಮೇಜಿನ ಮೇಲಿಟ್ಟೆವು. ನಲವತ್ತು ದಾಟಿದ ನನಗೆ ಏನೂ ಕೇಳಿಸಲಿಲ್ಲ. ಐವತ್ತರ ಆಸುಪಾಸಿನ ಅವರ ತಂದೆಗೂ ಕೇಳಿಸಲಿಲ್ಲ. ಈಗಷ್ಟೇ ಸನದು ಪಡೆದ ನಮ್ಮ ಕಿರಿಯ ವಕೀಲರು ಮಾತ್ರ ಮುಖ ಸಿಂಡರಿಸಿ, "ಸರ್, ಇದು ನಿಮಗೆ ಕೇಳಿಸುತ್ತಲೇ ಇಲ್ಲವೇ?" ಎಂದು ಕೇಳಿದರು. ಮೊಬೈಲಿನಲ್ಲಿ ಧ್ವನಿಯ ಕಂಪನಗಳನ್ನು ಗೆರೆಗಳಾಗಿ ತೋರಿಸುವ ಉಚಿತ ಆ್ಯಪ್ ಒಂದನ್ನು ತೆರೆದು ಕೀಲಿಮಣೆಯ ಬಳಿ ಹಿಡಿದಾಗ ಸೆಕೆಂಡಿಗೆ 14,000 ಕಂಪನಗಳ ಆಸುಪಾಸಿನಲ್ಲಿ ಒಂದು ಗೆರೆ ಎದ್ದು ನಿಂತಿತು. ಪುಟ ಸರಿಸಿದಾಗ ಅದು ಕುಸಿಯಿತು. ಬಿಟ್ಟಾಗ ಮತ್ತೆ ಎದ್ದಿತು. ಗಂಟೆಯನ್ನು ಹೊಡೆದಾಗ ಒಂದೇ ಸ್ವರ ಬಾರದೆ ಹಲವು ಮೇಲಿನ ಸ್ವರಗಳೂ ಹೊರಡುವಂತೆ, ತಟ್ಟನೆ ಏರಿಳಿಯುವ ವಿದ್ಯುತ್ತು ಕೂಡ ಸಾವಿರದ ಹಲವು ಮಡಿಗಳ ಸ್ವರಗಳನ್ನು ಎಬ್ಬಿಸುತ್ತದೆ. ಹಲಗೆಗೆ ಯಾವುದು ಹೊಂದುತ್ತದೋ ಅದು ಜೋರಾಗಿ ಕೇಳಿಸುತ್ತದೆ.

ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಸ್ವರಗಳನ್ನೇ. ಇದು ರೋಗವಲ್ಲ, ಶರೀರಧರ್ಮ. ವೇಲ್ಸಿನ ಹೊವರ್ಡ್ ಸ್ಟೇಪಲ್ಟನ್ ಎಂಬವರು 2005ರಲ್ಲಿ ಈ ಶರೀರಧರ್ಮವನ್ನೇ ಬಳಸಿ 'ಮಾಸ್ಕಿಟೊ' ಎಂಬ ಸಾಧನವೊಂದನ್ನು ಮಾಡಿದರು. ಅಂಗಡಿಗಳ ಮುಂದೆ ಗುಂಪುಗೂಡುವ ಹುಡುಗರನ್ನು ಚದುರಿಸಲೆಂದು ಅದು ಸೆಕೆಂಡಿಗೆ ಸುಮಾರು 17,400 ಕಂಪನಗಳ ಸದ್ದು ಹೊರಡಿಸುತ್ತಿತ್ತು. ಹುಡುಗರಿಗೆ ಅದು ಅಸಹನೀಯ. ಒಳಗೆ ಗಲ್ಲಾದ ಮೇಲೆ ಕುಳಿತ ಹಿರಿಯರಿಗೆ ಅದರ ಸುಳಿವೂ ಇಲ್ಲ. ಅದರ ನ್ಯಾಯಾನ್ಯಾಯದ ಚರ್ಚೆ ಬೇರೆ. ನಮಗೆ ಬೇಕಾದ ಅಂಶ ಇಷ್ಟೇ: ಒಂದೇ ಕೋಣೆಯಲ್ಲಿ, ಒಂದೇ ಗಳಿಗೆಯಲ್ಲಿ, ಒಬ್ಬರಿಗೆ ಇರುವ ಸದ್ದು ಇನ್ನೊಬ್ಬರಿಗೆ ಇಲ್ಲದಿರಬಹುದು, ಇಬ್ಬರೂ ಸತ್ಯವನ್ನೇ ನುಡಿಯುತ್ತಿರಬಹುದು.

ಸಾಕ್ಷ್ಯಶಾಸ್ತ್ರದ ಹಳೆಯ ವಿವೇಕ ಇಲ್ಲಿ ನೆರವಿಗೆ ಬರುತ್ತದೆ. "ನಾನು ಕೇಳಿದೆ" ಎನ್ನುವ ನಂಬಲರ್ಹ ಸಾಕ್ಷಿಯ ಮಾತಿಗೆ "ನನಗೆ ಕೇಳಿಸಲಿಲ್ಲ" ಎನ್ನುವವರ ಮಾತಿಗಿಂತ ಸಾಮಾನ್ಯವಾಗಿ ಹೆಚ್ಚಿನ ತೂಕವಿದೆ. ಕೇಳಿಸದಿರುವುದಕ್ಕೆ ಹತ್ತು ಕಾರಣಗಳಿರಬಹುದು. ಇಲ್ಲದುದನ್ನು ಕೇಳುವುದು ಅಪರೂಪ. ಆದುದರಿಂದ ಸರ್ವಿಸ್ ಸೆಂಟರಿನ ನಡುವಯಸ್ಸಿನ ಮೆಕ್ಯಾನಿಕ್ ತಲೆಯಾಡಿಸಿದ ಮಾತ್ರಕ್ಕೆ ಮನೆಯ ಮಕ್ಕಳ ದೂರನ್ನು ಭ್ರಮೆಯೆಂದು ತಳ್ಳಿಹಾಕಬಾರದು. ತಂದೆತಾಯಿಯರಿಗೂ ಇದೇ ಮಾತು. ಓದದಿರಲು ಹುಡುಗಿ ನೆಪ ಹೂಡುತ್ತಿದ್ದಾಳೆಂದು ಮನೆಯಲ್ಲಿ ಮೂರು ದಿನ ಮಾತು ಬೆಳೆದಿತ್ತಂತೆ. ಆ್ಯಪಿನ ಗೆರೆ ಕಂಡ ಮೇಲೆ ತಂದೆಯವರು ಏನೂ ಮಾತನಾಡಲಿಲ್ಲ. ಮಗಳ ಕೈಯಿಂದ ಚೀಲ ತೆಗೆದುಕೊಂಡು ತಾವೇ ಹೊತ್ತರು.

ದೂರು ಬರೆಯುವ ಮುನ್ನ ಕೆಲವು ಪರೀಕ್ಷೆಗಳನ್ನು ಮನೆಯಲ್ಲಿಯೇ ಮಾಡಬಹುದು. ಧ್ವನಿಯನ್ನು ಪೂರ್ತಿ ತಗ್ಗಿಸಿದಾಗ ಸದ್ದು ನಿಂತರೆ ಅದು ಸ್ಪೀಕರಿನದು. ಚಾರ್ಜರ್ ತೆಗೆದಾಗ ನಿಂತರೆ ಕಿವಿಯನ್ನು ಚಾರ್ಜರಿನ ಬಳಿ ಒಯ್ದು ನೋಡಿ. ಹಾಡುತ್ತಿರುವುದು ಅದೇ ಇರಬಹುದು. ಇಯರ್‌ಫೋನಿನಲ್ಲಿ ಮಾತ್ರ ಗುಂಯ್‌ಗುಟ್ಟಿದರೆ ಮನೆಯ ಅರ್ಥಿಂಗ್ ಪರೀಕ್ಷಿಸಿ. ಮೂರು ತೂತಿನ ಸಾಕೆಟ್ ಇದ್ದು ಮೂರನೆಯದಕ್ಕೆ ತಂತಿಯೇ ಇಲ್ಲದ ಮನೆಗಳು ನಮ್ಮ ಊರುಗಳಲ್ಲಿ ಕಡಿಮೆಯೇನಲ್ಲ. 'ಹುಸ್ಸ್' ಎಂದು ನಿಧಾನವಾಗಿ ಏರಿ ನಿಧಾನವಾಗಿ ಇಳಿಯುವುದು ಒಳಗಿನ ಫ್ಯಾನಿನ ಗಾಳಿ. ಹಳೆಯ ಬಗೆಯ ಹಾರ್ಡ್ ಡಿಸ್ಕ್ ಇರುವ ಯಂತ್ರದಿಂದ 'ಕಟ್ ಕಟ್' ಎಂಬ ಸದ್ದು ಬಂದರೆ ಮಾತ್ರ ಒಂದು ದಿನವೂ ತಡಮಾಡದೆ ಕಡತಗಳನ್ನು ಬೇರೆಡೆಗೆ ನಕಲಿಸಿಕೊಳ್ಳಿ. ಅದು ಡಿಸ್ಕ್ ಕೆಡುವ ಮುನ್ಸೂಚನೆ. ಇವು ಯಾವುವೂ ಅಲ್ಲದೆ, ಯಂತ್ರ ಬಿಡುವಾಗಿದ್ದಾಗ ಬಂದು ಕೆಲಸ ಕೊಟ್ಟೊಡನೆ ನಿಲ್ಲುವ ಅಥವಾ ಸ್ವರ ಬದಲಿಸುವ ಸಣ್ಣ ಕೀರಲಾದರೆ, ಅದು ಪ್ರೊಸೆಸರಿನ ನಿದ್ರೆಗೆ ಸಂಬಂಧಿಸಿದ್ದೆಂದು ಬಹುಮಟ್ಟಿಗೆ ತಿಳಿಯಬಹುದು. ಹಳೆಯ ಮೌಸಿನ ಉಪಾಯ ಹೊಸ ಯಂತ್ರಗಳಲ್ಲಿ ಎಲ್ಲ ಕಡೆಯೂ ಫಲಿಸದು.

ನಿದ್ರೆಯನ್ನೇ ತಪ್ಪಿಸಿದರೆ ಸದ್ದು ನಿಲ್ಲುವುದಿಲ್ಲವೇ ಎಂದು ಕೆಲವರು ಕೇಳಬಹುದು. ನಿಲ್ಲುತ್ತದೆ. ಕೆಲವು ಯಂತ್ರಗಳ ಬಯೋಸ್‌ನಲ್ಲಿ ಸಿ-ಸ್ಥಿತಿಗಳನ್ನು ಮುಚ್ಚುವ ಆಯ್ಕೆ ಇರುತ್ತದೆ. ಲಿನಕ್ಸಿನಲ್ಲಿ ನಿದ್ರೆಯ ಆಳಕ್ಕೆ ಮಿತಿ ಹಾಕಬಹುದು. ಆದರೆ ಆಗ ಯಂತ್ರ ಬಿಸಿಯಾಗುತ್ತದೆ, ಫ್ಯಾನು ಹೆಚ್ಚು ತಿರುಗುತ್ತದೆ, ಬ್ಯಾಟರಿ ಬೇಗ ಬರಿದಾಗುತ್ತದೆ. ವಿದ್ಯುತ್ತು ಹೋದಾಗಲೂ ಓದಬಹುದೆಂದು ಲ್ಯಾಪ್‌ಟಾಪ್ ಕೊಂಡವರಿಗೆ ಇದು ದುಬಾರಿಯ ಪರಿಹಾರ. ಮುಖ್ಯವಾದ ಮಾತೆಂದರೆ, ಈ ಪ್ರಯೋಗವನ್ನು ಪರೀಕ್ಷೆಗಾಗಿ ಮಾಡಿ ನೋಡಬಹುದೇ ಹೊರತು, ದುರಸ್ತಿಯೆಂದು ಅಂಗಡಿಯವರು ಮಾಡಿಕೊಟ್ಟರೆ ಒಪ್ಪಬೇಕಾಗಿಲ್ಲ. ಎಂಟು ಗಂಟೆ ಬ್ಯಾಟರಿ ಬರುತ್ತದೆಂದು ಮಾರಿದ ವಸ್ತುವನ್ನು ಸದ್ದಿಲ್ಲದಂತೆ ಮಾಡಿ ನಾಲ್ಕು ಗಂಟೆಗೆ ಇಳಿಸಿದರೆ, ಒಂದು ಕೊರತೆ ಹೋಗಿ ಇನ್ನೊಂದು ಬಂದಂತಾಯಿತು. ಸದ್ದಿನಿಂದ ಯಂತ್ರಕ್ಕೆ ಹಾನಿಯಾಗುವುದೆಂಬ ಭಯವೂ ಬೇಡ. ಆ ಕಂಪನ ಅಷ್ಟು ಸೂಕ್ಷ್ಮವಾದುದು. ಹಾನಿ ಇರುವುದು ಕೇಳುವವರ ನೆಮ್ಮದಿಗೆ.

ಈಗ ಎರಡನೆಯ ಪ್ರಶ್ನೆ: ಇದು ದೋಷವೇ? ಗ್ರಾಹಕ ಸಂರಕ್ಷಣಾ ಅಧಿನಿಯಮ, 2019, ಜಾರಿಗೆ ಬಂದುದು 2020ರ ಜುಲೈ 20ರಂದು. ಅದರ ಕಲಂ 2(10) ದೋಷ ಎಂಬುದನ್ನು ವಿವರಿಸುತ್ತದೆ. ವಸ್ತುವಿನ ಗುಣಮಟ್ಟದಲ್ಲಿ ಇರಬೇಕಾದುದು ಇಲ್ಲದಿದ್ದರೆ ಅದು ದೋಷ. ಇರಬೇಕಾದುದನ್ನು ಗೊತ್ತುಪಡಿಸುವ ಮೂಲಗಳು ಮೂರು: ಕಾನೂನು, ಕರಾರು, ವರ್ತಕನು ತಾನೇ ಹೇಳಿಕೊಂಡ ಮಾತು. ಮೊದಲ ಮೂಲದಿಂದ ನಮಗೆ ಹೆಚ್ಚು ನೆರವಿಲ್ಲ. ಲ್ಯಾಪ್‌ಟಾಪುಗಳಿಗೆ ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿ ಇದೆ. ಆದರೆ ಅದು ಬೆಂಕಿ, ವಿದ್ಯುದಾಘಾತ ಮುಂತಾದ ಸುರಕ್ಷತೆಯನ್ನು ಕುರಿತದ್ದು. ಕೀರಲು ದನಿಗೆ ಅದರಲ್ಲಿ ಮಿತಿ ಹೇಳಿಲ್ಲ.

ಎರಡನೆಯ ಮೂಲ ಕರಾರು. ಕರಾರು ಎಂದರೆ ಬರೆದುದಷ್ಟೇ ಅಲ್ಲ, ಅಧ್ಯಾಹಾರವಾಗಿ ಇರುವುದೂ ಸೇರುತ್ತದೆ. ಸರಕು ಮಾರಾಟ ಅಧಿನಿಯಮ, 1930, ಕಲಂ 16ರ ಪ್ರಕಾರ ಅಂತಹ ವಸ್ತುಗಳ ವ್ಯಾಪಾರಿಯಿಂದ, ವರ್ಣನೆಯನ್ನು ನಂಬಿ ಕೊಂಡ ಸರಕು ಮಾರಾಟಯೋಗ್ಯ ಗುಣಮಟ್ಟದ್ದಾಗಿರಬೇಕೆಂಬುದು ಹೇಳದೆಯೂ ಇರುವ ಷರತ್ತು. ಇದಕ್ಕೊಂದು ವಿನಾಯಿತಿ ಇದೆ: ಕೊಳ್ಳುವವನು ಸರಕನ್ನು ಪರೀಕ್ಷಿಸಿದ್ದರೆ, ಆ ಪರೀಕ್ಷೆಯಲ್ಲಿ ಗೋಚರವಾಗಬೇಕಾಗಿದ್ದ ಕೊರತೆಗಳಿಗೆ ಆ ಷರತ್ತು ಅನ್ವಯಿಸದು. "ಅಂಗಡಿಯಲ್ಲಿ ತೆರೆದು ನೋಡಿಯೇ ಒಯ್ದಿರಲ್ಲ" ಎಂಬ ವಾದ ಹುಟ್ಟುವುದು ಇಲ್ಲಿಂದಲೇ. ಅದಕ್ಕೆ ಉತ್ತರ ನಮ್ಮ ಊರುಗಳ ರಾತ್ರಿಯಲ್ಲಿದೆ. ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಂತಹ ಕಂಪ್ಯೂಟರ್ ಮಾರುಕಟ್ಟೆಯ ಗದ್ದಲದಲ್ಲಿ ನಿಂತು ಸೂಜಿಮೊನೆಯ ಸದ್ದನ್ನು ಯಾರೂ ಗುರುತಿಸಲಾರರು. ಅದು ಗೋಚರವಾಗುವುದು ವಾಹನಗಳ ಓಡಾಟ ನಿಂತ ಮೇಲೆ, ನಾರಾಯಣಖೇಡದ ಓಣಿಯ ಮನೆಯಲ್ಲಿ. ಆ ಪರೀಕ್ಷೆಯಲ್ಲಿ ತಿಳಿಯಲು ಸಾಧ್ಯವೇ ಇಲ್ಲದಿದ್ದ ಕೊರತೆಗೆ ಈ ವಿನಾಯಿತಿ ತಾಗದು.

ಆದರೂ ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ಎಲ್ಲ ಸದ್ದೂ ದೋಷವಲ್ಲ. ಸುರುಳಿ ಇರುವ ಯಾವ ಯಂತ್ರವೂ ಪೂರ್ತಿ ಮೌನಿಯಲ್ಲ. ಕಿವಿಯನ್ನು ಕೀಲಿಮಣೆಗೆ ತಾಗಿಸಿದರೆ ಮಾತ್ರ ಕೇಳಿಸುವ ಸದ್ದಿಗೆ ಹೊಸ ಯಂತ್ರ ಕೊಡಿಸೆಂದು ಆಯೋಗದ ಮುಂದೆ ಹೋದರೆ ಹಣವೂ ಕಾಲವೂ ವ್ಯರ್ಥ. ನಾನು ಸೂಚಿಸುವ ಅಳತೆ ಇದು: ಓದುವಾಗ ಕೂರುವಷ್ಟು ದೂರದಲ್ಲಿ, ಸಾಮಾನ್ಯ ಬಳಕೆಯಲ್ಲಿ, ಒಬ್ಬರಿಗಿಂತ ಹೆಚ್ಚು ಜನರಿಗೆ ಸ್ಪಷ್ಟವಾಗಿ ಕೇಳಿಸಿ ಬಳಕೆಗೆ ಅಡ್ಡಿಯಾಗುತ್ತಿದೆಯೇ? ಅದೇ ಮಾದರಿಯ ಇನ್ನೊಂದು ಯಂತ್ರದಲ್ಲಿ ಹಾಗಿಲ್ಲವೇ? ಎರಡಕ್ಕೂ ಉತ್ತರ ಹೌದೆಂದಾದರೆ, "ಮಾಮೂಲು" ಎಂಬ ಮಾತು ನಿಲ್ಲುವುದಿಲ್ಲ. ಒಂದೇ ಮಾದರಿಯ ನೆರೆಯ ಯಂತ್ರ ಮೌನವಾಗಿದ್ದರೆ ಹಾಡುವುದು ಮಾದರಿಯ ಸ್ವಭಾವವಲ್ಲ. ಈ ಒಂದು ಯಂತ್ರದ ಕೊರತೆ.

ಇನ್ನು ನಡೆಯಬೇಕಾದ ದಾರಿ. ರಸೀದಿ ಇಲ್ಲದೆ ಏನನ್ನೂ ಕೊಳ್ಳಬೇಡಿ. ಬಿಲ್ಲು ಕೊಡದಿರುವುದನ್ನು 2019ರ ಅಧಿನಿಯಮ ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಸೇರಿಸಿದೆ. ಕೊಂಡ ವಾರದೊಳಗೆ ರಾತ್ರಿ ಒಮ್ಮೆ, ಫ್ಯಾನು ನಿಲ್ಲಿಸಿ, ಬ್ಯಾಟರಿಯಲ್ಲಿ ಒಮ್ಮೆ, ಚಾರ್ಜರ್ ಹಾಕಿ ಒಮ್ಮೆ, ಯಂತ್ರವನ್ನು ಸುಮ್ಮನೆ ಬಿಟ್ಟು ಆಲಿಸಿ. ಮನೆಯ ಚಿಕ್ಕವರನ್ನು ಜೊತೆಗೆ ಕೂರಿಸಿಕೊಳ್ಳಿ. ಆನ್‌ಲೈನಿನಲ್ಲಿ ಕೊಂಡಿದ್ದರೆ ಮರಳಿಸುವ ಅವಧಿ ಕೆಲವೇ ದಿನಗಳದ್ದು. ಅದು ಮುಗಿಯುವ ಮುನ್ನವೇ ಲಿಖಿತವಾಗಿ ತಿಳಿಸಿ. ಸರ್ವಿಸ್ ಸೆಂಟರಿನಲ್ಲಿ ಜಾಬ್ ಶೀಟ್ ಬರೆಸುವಾಗ "ಸೌಂಡ್ ಪ್ರಾಬ್ಲಮ್" ಎಂಬ ಎರಡು ಪದಗಳಿಗೆ ಒಪ್ಪಬೇಡಿ; ಅವರು ಸ್ಪೀಕರ್ ಪರೀಕ್ಷಿಸಿ ಕಳುಹಿಸಿಬಿಡುತ್ತಾರೆ. "ಯಂತ್ರ ಬಿಡುವಾಗಿದ್ದಾಗ ಕೀಲಿಮಣೆಯ ಎಡಭಾಗದ ಕೆಳಗಿನಿಂದ ಸಣ್ಣ ಕೀರಲು ದನಿ ಬರುತ್ತದೆ, ಪುಟ ಸರಿಸಿದಾಗ ನಿಲ್ಲುತ್ತದೆ, ಧ್ವನಿ ಪೂರ್ತಿ ತಗ್ಗಿಸಿದರೂ ಬರುತ್ತದೆ, ಬ್ಯಾಟರಿಯಲ್ಲಿಯೂ ಚಾರ್ಜರಿನಲ್ಲಿಯೂ ಬರುತ್ತದೆ" ಎಂದು ನಿಮ್ಮ ಯಂತ್ರಕ್ಕೆ ತಕ್ಕಂತೆ ಬರೆಸಿ, ಪ್ರತಿ ಇಟ್ಟುಕೊಳ್ಳಿ. "ಮಾಮೂಲು" ಎಂದರೆ, ಯಾವ ಅಳತೆಯ ಪ್ರಕಾರ ಮಾಮೂಲು, ಅಳೆದವರು ಯಾರು ಎಂಬುದನ್ನು ಬರೆದುಕೊಡಲು ಕೇಳಿ. ಮೊಬೈಲಿನ ಧ್ವನಿಮುದ್ರಣವನ್ನೂ ಗೆರೆ ತೋರಿಸುವ ವೀಡಿಯೊವನ್ನೂ ಅಳಿಸಬೇಡಿ. ಇಂತಹ ವಿದ್ಯುನ್ಮಾನ ದಾಖಲೆಗಳನ್ನು ಹಾಜರುಪಡಿಸಲು ಭಾರತೀಯ ಸಾಕ್ಷ್ಯ ಅಧಿನಿಯಮ, 2023, ಕಲಂ 63ರಲ್ಲಿ ಹೇಳಿದ ಪ್ರಮಾಣಪತ್ರವನ್ನು ಜೊತೆಗಿಡುವುದು ಕ್ಷೇಮ.

ಇಷ್ಟಕ್ಕೂ ಮಣಿಯದಿದ್ದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆಮಾಡಿ. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ಅನೇಕ ಪ್ರಕರಣಗಳು ಅಲ್ಲಿಯೇ ಇತ್ಯರ್ಥವಾಗುತ್ತವೆ. ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಹಳೆಯ 1986ರ ಕಾಯ್ದೆಯಲ್ಲಿ ಎದುರುಪಕ್ಷದ ಊರಿಗೆ ಅಥವಾ ವ್ಯಾಜ್ಯಕಾರಣ ಹುಟ್ಟಿದ ಊರಿಗೆ ಹೋಗಬೇಕಾಗುತ್ತಿತ್ತು. ಈಗ ಕಲಂ 34ರ ಪ್ರಕಾರ ದೂರುದಾರನು ವಾಸಿಸುವ ಸ್ಥಳದಲ್ಲಿಯೇ ದೂರು ಸಲ್ಲಿಸಬಹುದು. ಯಂತ್ರವನ್ನು ಹೈದರಾಬಾದಿನಲ್ಲಿ ಕೊಂಡಿರಲಿ, ಬೀದರಿನಲ್ಲಿ ಕೊಂಡಿರಲಿ, ಆನ್‌ಲೈನಿನಲ್ಲಿ ತರಿಸಿರಲಿ, ಜಹೀರಾಬಾದ್ ಮತ್ತು ನಾರಾಯಣಖೇಡದವರಿಗೆ ಸಂಗಾರೆಡ್ಡಿ ಸಾಕು. ತಾಂಡೂರಿನವರಿಗೆ ವಿಕಾರಾಬಾದ್ ಜಿಲ್ಲೆಯ ಮೇಲೆ ಅಧಿಕಾರವುಳ್ಳ ಆಯೋಗ. ಅಂತರ್ಜಾಲದ ಮೂಲಕವೂ ದೂರು ಸಲ್ಲಿಸಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವ್ಯಾಜ್ಯಕಾರಣ ಹುಟ್ಟಿದ ದಿನದಿಂದ ಎರಡು ವರ್ಷಗಳ ಒಳಗೆ ದೂರು ಸಲ್ಲಬೇಕು.

ಕಲಂ 38ರಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ಹೊಂದುವ ಏರ್ಪಾಡಿದೆ. ಪರೀಕ್ಷೆಯಿಲ್ಲದೆ ನಿರ್ಧರಿಸಲಾಗದ ದೋಷವಾದರೆ ಆಯೋಗವು ವಸ್ತುವನ್ನು ಸೂಕ್ತ ಪ್ರಯೋಗಾಲಯಕ್ಕೆ ಕಳುಹಿಸಿ 45 ದಿನಗಳೊಳಗೆ ವರದಿ ತರಿಸಬಹುದು. ಅದರ ಶುಲ್ಕವನ್ನು ದೂರುದಾರರು ಮೊದಲು ಠೇವಣಿ ಇಡಬೇಕಾಗುತ್ತದೆ. ಯಾರ ಕಿವಿ ಚುರುಕು ಎಂಬ ಜಗಳ ಅಲ್ಲಿಗೆ ಮುಗಿಯಿತು, ಉಪಕರಣಕ್ಕೆ ವಯಸ್ಸಿಲ್ಲ. ದೋಷ ಸಿದ್ಧವಾದರೆ ಕಲಂ 39ರ ಅಡಿಯಲ್ಲಿ ದೋಷ ನಿವಾರಿಸಲು, ಬದಲಿ ವಸ್ತು ಕೊಡಲು ಅಥವಾ ಹಣ ಮರಳಿಸಲು ಆಯೋಗ ಆದೇಶಿಸಬಹುದು. ಮೀ-ಸೇವಾ ಕೇಂದ್ರ ನಡೆಸುವವರು, ಡಿ.ಟಿ.ಪಿ. ಅಂಗಡಿಯವರು, "ನಮ್ಮದು ವ್ಯಾಪಾರ, ನಾವು ಗ್ರಾಹಕರಲ್ಲವೇನೋ" ಎಂದು ಹಿಂಜರಿಯಬೇಕಾಗಿಲ್ಲ. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿ ಮಾತ್ರ ಕೊಂಡ ವಸ್ತುವಿಗೆ ಈ ರಕ್ಷಣೆ ಇದೆ.

ನಮ್ಮ ವಿದ್ಯಾರ್ಥಿನಿಗೆ ನಾನು ಕೊಟ್ಟ ಸಲಹೆ ಮೊಕದ್ದಮೆಯದಲ್ಲ. ಮೇಲೆ ಹೇಳಿದಂತೆ ನಾಲ್ಕು ಸಾಲು ಬರೆದು, ವೀಡಿಯೊ ಸಹಿತ ಕಂಪನಿಗೆ ಕಳುಹಿಸಿ, ಮುಖ್ಯ ಹಲಗೆಯನ್ನು ಬದಲಿಸಿಕೊಡಲು ಹದಿನೈದು ದಿನಗಳ ಗಡುವು ಕೊಡಲು ಹೇಳಿದ್ದೇನೆ. ಗಡುವು ಇನ್ನೂ ಮುಗಿದಿಲ್ಲ. ಹಲಗೆ ಬದಲಾದರೂ ಹೊಸದು ಹಾಡುವುದಿಲ್ಲವೆಂದು ಭರವಸೆ ಕೊಡುವವರಿಲ್ಲ. ಆದುದರಿಂದ ಮರಳಿ ಪಡೆಯುವಾಗ ಸರ್ವಿಸ್ ಸೆಂಟರಿನಲ್ಲಿಯೇ ಒಂದು ನಿಶ್ಶಬ್ದವಾದ ಕೋಣೆಯನ್ನು ಕೇಳಿ, ಹತ್ತು ನಿಮಿಷ ಯಂತ್ರವನ್ನು ಸುಮ್ಮನೆ ಬಿಟ್ಟು ಆಲಿಸಿ, ಆಮೇಲೆ ಸಹಿ ಮಾಡಬೇಕೆಂದೂ ತಿಳಿಸಿದ್ದೇನೆ. ತಂದೆಯವರು ಆ ದಿನ ಮಗಳನ್ನು ಕರೆದುಕೊಂಡೇ ಹೋಗಬೇಕು. ಈ ವ್ಯಾಜ್ಯದಲ್ಲಿ ಮುಖ್ಯ ಸಾಕ್ಷಿ ಆಕೆಯ ಕಿವಿ.